ಕಂಡುಹಿಡಿಯುವುದೋ ಆರಿಸುವುದೋ: ಇರಾನಿನ ಧರ್ಮಪ್ರಭುತ್ವದಲ್ಲಿ ಉತ್ತರಾಧಿಕಾರದ ಪ್ರಶ್ನೆ

ಅರಸೊತ್ತಿಗೆಯಲ್ಲಿ ಮುಂದಿನ ಅರಸ ಯಾರೆಂಬುದನ್ನು ಹುಟ್ಟು ತೀರ್ಮಾನಿಸುತ್ತದೆ, ಗಣರಾಜ್ಯದಲ್ಲಿ ಜನರ ಮತ ತೀರ್ಮಾನಿಸುತ್ತದೆ. ಆದರೆ ಪರಮಾಧಿಕಾರ ದೇವರದು ಎಂದು ಸಂವಿಧಾನದಲ್ಲಿಯೇ ಬರೆದುಕೊಂಡ ಪ್ರಭುತ್ವವೊಂದರಲ್ಲಿ ಅತ್ಯುನ್ನತ ಪೀಠ ತೆರವಾದಾಗ, ಅಲ್ಲಿ ಕೂರತಕ್ಕವರನ್ನು ಯಾರು, ಯಾವ ಅಳತೆಗೋಲಿನಿಂದ ಗೊತ್ತುಮಾಡಬೇಕು ಎಂಬುದು ಅಷ್ಟು ಸುಲಭವಾಗಿ ಬಗೆಹರಿಯುವ ಪ್ರಶ್ನೆಯಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಶ್ನೆಯನ್ನು ಕಾನೂನಿನ ಭಾಷೆಗೆ ಇಳಿಸಲು, ಅದಕ್ಕಾಗಿ ವಿಧಿಗಳನ್ನೂ ಮಂಡಳಿಗಳನ್ನೂ ಅರ್ಹತೆಯ ಪಟ್ಟಿಯನ್ನೂ ರೂಪಿಸಲು ಅತ್ಯಂತ ವಿಸ್ತಾರವಾಗಿ ಪ್ರಯತ್ನಿಸಿದ್ದು 1979ರಲ್ಲಿ ಸ್ಥಾಪನೆಯಾದ ಇರಾನಿನ ಇಸ್ಲಾಮಿಕ್ ಗಣರಾಜ್ಯ. ಅದರ ಹೆಸರಿನಲ್ಲೇ ಎರಡು ಮೂಲಗಳ ಅಧಿಕಾರ ಕೂಡಿಕೊಂಡಿದೆ: ‘ಇಸ್ಲಾಮಿಕ್’ ಎಂಬುದು ದೈವದತ್ತ ಅಧಿಕಾರವನ್ನು ಸೂಚಿಸಿದರೆ ‘ಗಣರಾಜ್ಯ’ ಎಂಬುದು ಜನರ ಒಪ್ಪಿಗೆಯನ್ನು ಸೂಚಿಸುತ್ತದೆ. ನಾಯಕ ಬದುಕಿರುವಷ್ಟು ಕಾಲ ಈ ಎರಡರ ನಡುವಿನ ಬಿರುಕನ್ನು ಮುಚ್ಚಿಡಬಹುದು. ಆತ ತೀರಿಕೊಂಡ ದಿನ ಅದು ಎದ್ದು ಕಾಣುತ್ತದೆ.

ಇಸ್ಲಾಮಿನ ಇತಿಹಾಸದಲ್ಲಿ ಉತ್ತರಾಧಿಕಾರದ ಪ್ರಶ್ನೆ ಹುಟ್ಟಿದ್ದು ಪ್ರವಾದಿ ಮುಹಮ್ಮದರು 632ರಲ್ಲಿ ತೀರಿಕೊಂಡ ದಿನವೇ. ಮದೀನಾದಲ್ಲಿ ಬನೂ ಸಾಇದಾ ಕುಲದವರ ಚಾವಡಿಯಲ್ಲಿ ಸೇರಿದ ಕೆಲವರು ಅಬೂಬಕರರಿಗೆ ನಿಷ್ಠೆಯ ಪ್ರತಿಜ್ಞೆ ಮಾಡಿದರು. ಅದಕ್ಕೆ ‘ಬೈಅತ್’ ಎಂದು ಹೆಸರು. ಎರಡು ವರ್ಷಗಳ ಬಳಿಕ ಅಬೂಬಕರರು ಉಮರರನ್ನು ತಾವೇ ಹೆಸರಿಸಿದರು. ಉಮರರು 644ರಲ್ಲಿ ಆರು ಮಂದಿಯ ಸಮಿತಿಯೊಂದಕ್ಕೆ ಆಯ್ಕೆಯನ್ನು ಒಪ್ಪಿಸಿದರು. 680ರ ಹೊತ್ತಿಗೆ ಮುಆವಿಯಾ ಮಗ ಯಜೀದನಿಗೆ ಪಟ್ಟ ಬಿಟ್ಟುಕೊಟ್ಟು ಖಿಲಾಫತ್ತನ್ನು ವಂಶದ ಸೊತ್ತಾಗಿಸಿದ. ಹೀಗೆ ಅರ್ಧ ಶತಮಾನ ಮುಗಿಯುವುದರೊಳಗೆ ಸಭೆಯ ಒಪ್ಪಿಗೆ, ನಾಮನಿರ್ದೇಶನ, ಸಮಿತಿ, ವಂಶ ಎಂಬ ನಾಲ್ಕು ಮಾರ್ಗಗಳೂ ಬಳಕೆಗೆ ಬಂದಿದ್ದವು. ಮುಂದೆ ಹನ್ನೊಂದನೆಯ ಶತಮಾನದ ಬಾಗ್ದಾದಿನ ನ್ಯಾಯವೇತ್ತ ಅಲ್-ಮಾವರ್ದಿ, ಖಲೀಫನನ್ನು ಆರಿಸಲು ಎಷ್ಟು ಮಂದಿ ಬೇಕೆಂಬ ಚರ್ಚೆಯಲ್ಲಿ, ಐವರು ಬೇಕೆನ್ನುವವರ ಜೊತೆಗೆ ಒಬ್ಬನಾದರೂ ಸಾಕೆನ್ನುವವರ ಅಭಿಪ್ರಾಯವನ್ನೂ ದಾಖಲಿಸಿದ್ದಾನೆ. ಸುನ್ನಿ ನ್ಯಾಯಶಾಸ್ತ್ರ ಬಹುಮಟ್ಟಿಗೆ ಆಗಿಹೋದುದಕ್ಕೆ ಶಾಸ್ತ್ರದ ಮನ್ನಣೆ ಒದಗಿಸುವ ದಾರಿ ಹಿಡಿಯಿತು ಎಂದರೆ ತಪ್ಪಾಗಲಾರದು. 1924ರ ಮಾರ್ಚ್ 3ರಂದು ತುರ್ಕಿಯ ಸಂಸತ್ತು ಖಿಲಾಫತ್ತನ್ನೇ ರದ್ದುಮಾಡಿದ ಮೇಲೆ ಆ ಚರ್ಚೆ ಹೆಚ್ಚಾಗಿ ಗ್ರಂಥಗಳಲ್ಲಿ ಉಳಿಯಿತು.

ಶಿಯಾ ಪರಂಪರೆ ಬೇರೆ ನೆಲೆಯಿಂದ ಹೊರಟಿತು. ಪ್ರವಾದಿಯ ನಂತರದ ನಾಯಕತ್ವ ಅವರ ಅಳಿಯ ಅಲಿಗೂ ಅಲಿಯ ವಂಶದ ಇಮಾಮರಿಗೂ ದೇವರ ಆಜ್ಞೆಯಿಂದಲೇ ಬಂದದ್ದು, ಪ್ರತಿಯೊಬ್ಬ ಇಮಾಮನೂ ತನ್ನ ನಂತರದವನನ್ನು ಸ್ಪಷ್ಟವಾಗಿ ಹೆಸರಿಸಿದ್ದಾನೆ, ಆದ್ದರಿಂದ ಜನ ಆರಿಸುವ ಮಾತೇ ಬರುವುದಿಲ್ಲ ಎಂಬುದು ಅದರ ಮೂಲ ನಂಬಿಕೆ. ಹೀಗೆ ಹೆಸರಿಸುವುದಕ್ಕೆ ‘ನಸ್’ ಎನ್ನುತ್ತಾರೆ. ಇರಾನಿನ ಬಹುಸಂಖ್ಯಾತರು ಅನುಸರಿಸುವ ಹನ್ನೆರಡು ಇಮಾಮರ ಪಂಥದ ಪ್ರಕಾರ ಹನ್ನೆರಡನೆಯ ಇಮಾಮ 874ರಲ್ಲಿ ಜನರ ಕಣ್ಣಿನಿಂದ ಮರೆಯಾದ. 941ರವರೆಗೆ ನಾಲ್ವರು ಪ್ರತಿನಿಧಿಗಳ ಮೂಲಕ ಮಾತನಾಡಿದ. ಅಲ್ಲಿಂದಾಚೆಗೆ ಆ ಸಂಪರ್ಕವೂ ನಿಂತುಹೋಯಿತು. ಆತ ಮರಳಿ ಬರುವವರೆಗೆ ನ್ಯಾಯವಾದ ಆಳ್ವಿಕೆಯ ಹಕ್ಕು ಯಾರಿಗಿದೆ ಎಂಬುದು ಸಾವಿರ ವರ್ಷಗಳ ಶಿಯಾ ಚಿಂತನೆಯ ನಡುವಿನ ಪ್ರಶ್ನೆ. ಬಹುಪಾಲು ವಿದ್ವಾಂಸರು ಅದಕ್ಕೆ ಕೊಟ್ಟ ಉತ್ತರ, ಸುಲ್ತಾನರೊಂದಿಗೆ ಹೇಗೋ ಹೊಂದಿಕೊಂಡು ಹೋಗುವುದು ಎಂಬುದಾಗಿತ್ತು. (ಕರ್ನಾಟಕಕ್ಕೆ ಈ ಪಂಥ ಹೊಸತೇನಲ್ಲ. ಪರ್ಷಿಯಾದಲ್ಲಿ ಶಾಹ್ ಇಸ್ಮಾಯಿಲ್ 1501ರಲ್ಲಿ ಅದನ್ನು ರಾಜಧರ್ಮವಾಗಿಸಿದ ಒಂದೆರಡು ವರ್ಷಗಳಲ್ಲೇ ಬಿಜಾಪುರದ ಯೂಸುಫ್ ಆದಿಲ್ ಶಾಹ್ ತನ್ನ ರಾಜ್ಯದಲ್ಲೂ ಹಾಗೆಯೇ ಘೋಷಿಸಿದ್ದ.)

ಇಮಾಮನಿಲ್ಲದ ಈ ದೀರ್ಘ ಅವಧಿಯಲ್ಲಿ ಶಿಯಾ ಸಮುದಾಯ ತನ್ನೊಳಗೇ ಬೆಳೆಸಿಕೊಂಡ ನಾಯಕತ್ವದ ವ್ಯವಸ್ಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಮುಂದಿನ ಎಲ್ಲ ತೊಡಕುಗಳ ಬೇರು ಅಲ್ಲಿದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕರ್ಬಲಾದ ವಹೀದ್ ಬಹಬಹಾನಿ ಮತ್ತು ಅವರ ಶಿಷ್ಯರು ಗಟ್ಟಿಗೊಳಿಸಿದ ಉಸೂಲಿ ಪಂಥದ ಪ್ರಕಾರ, ಧರ್ಮಶಾಸ್ತ್ರದ ಮೂಲಗಳಿಂದ ಸ್ವತಂತ್ರವಾಗಿ ತೀರ್ಪು ತೆಗೆಯಬಲ್ಲ ಪಾಂಡಿತ್ಯ ಪಡೆದವನು ‘ಮುಜ್ತಹಿದ್’. ಆ ಶಕ್ತಿಯಿಲ್ಲದ ಉಳಿದವರೆಲ್ಲ ಬದುಕಿರುವ ಒಬ್ಬ ಮುಜ್ತಹಿದನ ತೀರ್ಪುಗಳನ್ನು ಅನುಸರಿಸಬೇಕು. ಹಾಗೆ ಅನುಸರಿಸುವುದು ‘ತಕ್ಲೀದ್’, ಯಾರನ್ನು ಬಹಳ ಮಂದಿ ಅನುಸರಿಸುತ್ತಾರೋ ಅವರು ‘ಮರ್ಜಾ’, ಅಂದರೆ ಜನ ತಿರುಗಿ ನೋಡುವ ಆಕರ. ವ್ಯಾಪಾರದ ಉಳಿತಾಯದ ಐದನೆಯ ಒಂದು ಭಾಗವಾದ ‘ಖುಮ್ಸ್’ ಎಂಬ ಧಾರ್ಮಿಕ ಕಾಣಿಕೆ ಅವರ ಬಳಿಗೆ ಹೋಗುತ್ತದೆ. ಅದರಿಂದ ಮದರಸಾಗಳೂ ವಿದ್ಯಾರ್ಥಿವೇತನಗಳೂ ನಡೆಯುತ್ತವೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿ ಶಿಯಾ ಜನರೇ ಹೆಚ್ಚಾಗಿರುವ ಅಲೀಪುರದಂಥ ಊರಿನವರಿಗೆ ಇದು ಪುಸ್ತಕದ ಪರಿಭಾಷೆಯಾಗಿರದೆ ದಿನಬಳಕೆಯ ಮಾತು.

ಈ ಮರ್ಜಾಗಳನ್ನು ನೇಮಿಸುವ ಸಂಸ್ಥೆ ಯಾವುದೂ ಇರಲಿಲ್ಲ. ಒಬ್ಬರು ತೀರಿಕೊಂಡಾಗ ಅವರ ಅನುಯಾಯಿಗಳು ತಮ್ಮ ಊರಿನ ತಿಳಿದವರನ್ನು ವಿಚಾರಿಸುತ್ತಿದ್ದರು. ಆ ತಿಳಿದವರು ವಿದ್ಯಾಕೇಂದ್ರಗಳಾದ ಇರಾಕಿನ ನಜಫ್‌ನಲ್ಲೋ ಇರಾನಿನ ಕೋಮ್‌ನಲ್ಲೋ ತಾವು ಯಾರ ಪಾಠಕ್ಕೆ ಕೂತಿದ್ದರೋ ಅವರ ವಿದ್ವತ್ತಿನ ಬಗ್ಗೆ ಸಾಕ್ಷಿ ಹೇಳುತ್ತಿದ್ದರು. ವರ್ಷಗಳು ಕಳೆದಂತೆ ಒಬ್ಬಿಬ್ಬರ ಹೆಸರು ಮೇಲೆದ್ದು ಬರುತ್ತಿತ್ತು, ಕೆಲವೊಮ್ಮೆ ಯಾರ ಹೆಸರೂ ಏಳದೆ ಹಲವರು ಏಕಕಾಲಕ್ಕೆ ಉಳಿಯುತ್ತಿದ್ದರು. ಕೋಮ್‌ನ ಮರ್ಜಾ ಬೊರೂಜೆರ್ದಿ 1961ರಲ್ಲಿ ತೀರಿಕೊಂಡಾಗ ಇರಾನಿನ ಶಾಹ್ ಸಂತಾಪದ ತಂತಿಯನ್ನು ಕೋಮ್‌ನ ಹಿರಿಯರಿಗೆ ಕಳಿಸದೆ ಇರಾಕಿನ ನಜಫ್‌ನಲ್ಲಿದ್ದ ಮುಹ್ಸಿನ್ ಅಲ್-ಹಕೀಮರಿಗೆ ಕಳಿಸಿದ. ಧಾರ್ಮಿಕ ನಾಯಕತ್ವ ದೇಶದಾಚೆಗೆ ಹೋದರೆ ತನಗೆ ನೆಮ್ಮದಿ ಎಂಬುದು ಅದರ ಇಂಗಿತವಾಗಿತ್ತೆಂದು ಎಲ್ಲರೂ ಅರ್ಥಮಾಡಿಕೊಂಡರು. ಅರಸನಿಗೂ ಮಾಡಲು ಸಾಧ್ಯವಿದ್ದದ್ದು ಅಷ್ಟೆ, ಒಂದು ಸೂಚನೆ. ಶಾಸ್ತ್ರದ ದೃಷ್ಟಿಯಲ್ಲಿ ಮರ್ಜಾನನ್ನು ಯಾರೂ ಮಾಡುವುದಿಲ್ಲ. ಆತ ಆಗಲೇ ಹೆಚ್ಚು ತಿಳಿದವನಾಗಿರುತ್ತಾನೆ, ಜನ ಅದನ್ನು ಕಂಡುಕೊಳ್ಳುತ್ತಾರೆ. ಈ ‘ಕಂಡುಕೊಳ್ಳುವಿಕೆ’ಗೆ ಬೇಕಾದ ಕಾಲವನ್ನು ಸಮುದಾಯ ಧಾರಾಳವಾಗಿ ಕೊಡಬಲ್ಲದಾಗಿತ್ತು, ಏಕೆಂದರೆ ಮರ್ಜಾ ಇಲ್ಲದಿದ್ದರೆ ಸೈನ್ಯಕ್ಕೆ ಆಜ್ಞೆ ಕೊಡುವವರು ಇಲ್ಲವಾಗುವ ಪ್ರಮೇಯವಿರಲಿಲ್ಲ.

1970ರ ಆರಂಭದಲ್ಲಿ ನಜಫ್‌ನಲ್ಲಿ ಗಡಿಪಾರಿನಲ್ಲಿದ್ದ ರೂಹೊಲ್ಲಾ ಖೊಮೇನಿ ಕೊಟ್ಟ ಉಪನ್ಯಾಸಮಾಲೆ ಈ ಸಮತೋಲವನ್ನು ಕದಲಿಸಿತು. ಇಮಾಮನ ಗೈರುಹಾಜರಿಯಲ್ಲಿ ಆಳುವ ಹೊಣೆ ನ್ಯಾಯಶಾಸ್ತ್ರಜ್ಞನದು, ಅಂದರೆ ‘ಫಕೀಹ್’ನದು ಎಂಬುದು ಅವರ ವಾದ, ಅದರ ಹೆಸರು ‘ವಿಲಾಯತೆ ಫಕೀಹ್’, ನ್ಯಾಯಶಾಸ್ತ್ರಜ್ಞನ ಪಾಲಕತ್ವ. ಅನಾಥರ ಮತ್ತು ಬುದ್ಧಿಭ್ರಮಣೆಯಾದವರ ಆಸ್ತಿಯನ್ನು ನೋಡಿಕೊಳ್ಳುವ ಅಧಿಕಾರ ಫಕೀಹನಿಗಿದೆಯೆಂದು ಹಿಂದಿನವರೂ ಒಪ್ಪಿದ್ದರು. ಖೊಮೇನಿ ಅದನ್ನು ಇಡೀ ರಾಜ್ಯಕ್ಕೆ ಹಿಗ್ಗಿಸಿದರು. ಅರಸೊತ್ತಿಗೆ ಮತ್ತು ವಂಶಪಾರಂಪರ್ಯ ಇಸ್ಲಾಮಿಗೆ ವಿರುದ್ಧ ಎಂದು ಅದೇ ಉಪನ್ಯಾಸಗಳಲ್ಲಿ ಕಟುವಾಗಿ ಹೇಳಿದ ಖೊಮೇನಿ, ಒಬ್ಬ ಫಕೀಹನ ನಂತರ ಇನ್ನೊಬ್ಬನನ್ನು ಗುರುತಿಸುವ ವಿಧಾನದ ಬಗ್ಗೆ ಹೆಚ್ಚೇನೂ ಹೇಳಲಿಲ್ಲ. ನಜಫ್‌ನ ಅತ್ಯಂತ ಗೌರವಾನ್ವಿತ ವಿದ್ವಾಂಸರಾಗಿದ್ದ ಅಬುಲ್ ಕಾಸಿಂ ಅಲ್-ಖೂಯಿ ಈ ಸಿದ್ಧಾಂತವನ್ನು ಒಪ್ಪಲಿಲ್ಲ.

1979ರ ಫೆಬ್ರವರಿಯಲ್ಲಿ ಶಾಹ್‌ನ ವಿರುದ್ಧದ ಕ್ರಾಂತಿ ಗೆದ್ದ ಮೇಲೆ ಜೂನ್ ತಿಂಗಳಲ್ಲಿ ಪ್ರಕಟವಾದ ಸಂವಿಧಾನದ ಮೊದಲ ಕರಡಿನಲ್ಲಿ ಫಕೀಹನ ಪಾಲಕತ್ವದ ಪ್ರಸ್ತಾಪವೇ ಇರಲಿಲ್ಲ ಎಂಬುದನ್ನು ಈಗ ಮರೆಯಲಾಗಿದೆ. ಆ ಕರಡನ್ನು ಪರಿಶೀಲಿಸಲು ಚುನಾಯಿತವಾದ, ಮೌಲವಿಗಳೇ ಬಹುಸಂಖ್ಯೆಯಲ್ಲಿದ್ದ ಸಭೆ ಅದನ್ನು ತಿರುವಿಹಾಕಿ 5ನೆಯ ಮತ್ತು 107ನೆಯ ವಿಧಿಗಳ ಮೂಲಕ ಪರಮೋಚ್ಚ ನಾಯಕನ ಪೀಠವನ್ನು ಸೃಷ್ಟಿಸಿತು. ಆ ಸಭೆಯ ಅಧ್ಯಕ್ಷರಾಗಿದ್ದವರು ಹುಸೇನ್ ಅಲಿ ಮೊಂತಜೆರಿ, ಉಪಾಧ್ಯಕ್ಷರು ಮುಹಮ್ಮದ್ ಬೆಹೆಷ್ತಿ. ಡಿಸೆಂಬರಿನಲ್ಲಿ ಜನಮತಗಣನೆಯಿಂದ ಅಂಗೀಕಾರವಾದ ಆ ಸಂವಿಧಾನ ಉತ್ತರಾಧಿಕಾರಕ್ಕೆ ಎರಡು ದಾರಿ ಇಟ್ಟಿತ್ತು: ಖೊಮೇನಿಯವರ ವಿಷಯದಲ್ಲಿ ಆದಂತೆ ಮರ್ಜಾ ಒಬ್ಬರನ್ನು ಜನರ ನಿರ್ಣಾಯಕ ಬಹುಮತ ತಾನಾಗಿಯೇ ನಾಯಕನೆಂದು ಒಪ್ಪಿಕೊಳ್ಳಬಹುದು, ಹಾಗಾಗದಿದ್ದರೆ ಜನರಿಂದ ಚುನಾಯಿತವಾದ ತಜ್ಞರ ಸಭೆ ಒಬ್ಬ ವಿಶಿಷ್ಟ ಮರ್ಜಾನನ್ನು, ಅಂಥವರಿಲ್ಲದಿದ್ದರೆ ಮೂವರು ಅಥವಾ ಐವರು ಮರ್ಜಾಗಳ ನಾಯಕತ್ವ ಮಂಡಳಿಯನ್ನು ಗೊತ್ತುಪಡಿಸಬೇಕು. ಎರಡು ದಾರಿಗಳಲ್ಲೂ ಮರ್ಜಾ ಆಗಿರಲೇಬೇಕೆಂಬ ಷರತ್ತಿತ್ತು, ಮತ್ತು ಆ ಷರತ್ತೇ ಹಿಂದಿನ ನಿಧಾನಗತಿಯ ಪರಂಪರೆಗೂ ಹೊಸ ರಾಜ್ಯಕ್ಕೂ ನಡುವೆ ಉಳಿದಿದ್ದ ಏಕೈಕ ಸೇತುವೆ.

ಆ ಸೇತುವೆ ಬಹುಬೇಗ ಅಲುಗಾಡತೊಡಗಿತು. ಮರ್ಜಾಗಳಾಗಿದ್ದವರಲ್ಲಿ ಹೆಚ್ಚಿನವರಿಗೆ ಈ ಸಿದ್ಧಾಂತದಲ್ಲಿ ನಂಬಿಕೆಯಿರಲಿಲ್ಲ. ನಂಬಿಕೆಯಿದ್ದವರಲ್ಲಿ ಹೆಚ್ಚಿನವರು ಮರ್ಜಾಗಳಾಗಿರಲಿಲ್ಲ. 1963ರಲ್ಲಿ ಖೊಮೇನಿಯವರ ಬಂಧನವಾದಾಗ ಅವರನ್ನು ಮರ್ಜಾ ಎಂದು ಘೋಷಿಸಿ ಬೆಂಬಲಕ್ಕೆ ನಿಂತ ಹಿರಿಯರಲ್ಲಿ ಒಬ್ಬರಾಗಿದ್ದ ಕಾಜಿಂ ಶರಿಯತ್‌ಮದಾರಿ ಹೊಸ ಸಂವಿಧಾನವನ್ನು ವಿರೋಧಿಸಿದರು, ಮತ್ತು 1982ರಲ್ಲಿ ಸಂಚಿನ ಆರೋಪ ಹೊತ್ತು ತಮ್ಮ ಮರ್ಜಾ ಪದವಿಯನ್ನೇ ಕಳೆದುಕೊಂಡರು. ಜನ ಕಂಡುಕೊಂಡದ್ದನ್ನು ರಾಜ್ಯ ಕಿತ್ತುಕೊಳ್ಳಬಹುದು ಎಂಬುದು ಶಿಯಾ ಇತಿಹಾಸಕ್ಕೆ ಹೊಸತು. ಇತ್ತ ಕ್ರಾಂತಿಯ ಒಳವಲಯದ ವಿದ್ವಾಂಸರಲ್ಲಿ ಮೊತಹ್ಹರಿ 1979ರ ಮೇ 1ರಂದು ಗುಂಡಿಗೆ ಬಲಿಯಾದರು, ಬೆಹೆಷ್ತಿ 1981ರ ಜೂನ್ 28ರ ಬಾಂಬ್ ಸ್ಫೋಟದಲ್ಲಿ ಸತ್ತರು. ಉಳಿದವರು ಮೊಂತಜೆರಿ.

1922ರಲ್ಲಿ ನಜಫಾಬಾದಿನಲ್ಲಿ ಹುಟ್ಟಿ, ಬೊರೂಜೆರ್ದಿ ಮತ್ತು ಖೊಮೇನಿ ಇಬ್ಬರ ಬಳಿಯೂ ಓದಿದ್ದ, ಶಾಹ್‌ನ ಸೆರೆಮನೆಗಳನ್ನೂ ಕಂಡಿದ್ದ ಮೊಂತಜೆರಿಯವರನ್ನು ತಜ್ಞರ ಸಭೆ 1985ರ ನವೆಂಬರಿನಲ್ಲಿ ಮುಂದಿನ ನಾಯಕನೆಂದು ಮುಂಚಿತವಾಗಿಯೇ ಗೊತ್ತುಮಾಡಿತು. ಸಂವಿಧಾನದಲ್ಲಿ ಇಂಥ ಯುವರಾಜ ಪಟ್ಟಕ್ಕೆ ಎಡೆಯಿರಲಿಲ್ಲ. ಆದರೆ ಖೊಮೇನಿಯವರಿಗೆ ಎಂಬತ್ತು ದಾಟಿತ್ತು, ಇರಾಕಿನೊಂದಿಗೆ ಯುದ್ಧ ನಡೆದಿತ್ತು, ಅನಿಶ್ಚಿತತೆ ಯಾರಿಗೂ ಬೇಕಿರಲಿಲ್ಲ. ಆಯ್ಕೆ ಶಾಸ್ತ್ರಕ್ಕೂ ರಾಜಕೀಯಕ್ಕೂ ಒಗ್ಗುವಂತಿತ್ತು, ಏಕೆಂದರೆ ಮೊಂತಜೆರಿ ಮರ್ಜಾ ದರ್ಜೆಯವರೂ ಹೌದು, ಸಿದ್ಧಾಂತವನ್ನು ಸಂವಿಧಾನಕ್ಕೆ ತಂದವರಲ್ಲಿ ಪ್ರಮುಖರೂ ಹೌದು. ಒಡಕು ಬಂದದ್ದು ಅವರ ನಾಲಿಗೆಯಿಂದ. ಅವರ ಅಳಿಯನ ಸೋದರ ಮೆಹ್ದಿ ಹಾಶೆಮಿಯ ಬಳಗ, ಇರಾನ್ ಅಮೆರಿಕದಿಂದ ಗುಟ್ಟಾಗಿ ಶಸ್ತ್ರ ಖರೀದಿಸುತ್ತಿದ್ದ ವ್ಯವಹಾರವನ್ನು 1986ರಲ್ಲಿ ಲೆಬನಾನಿನ ಪತ್ರಿಕೆಯೊಂದಕ್ಕೆ ತಿಳಿಸಿಕೊಟ್ಟಿತು. ಮರುವರ್ಷ ಹಾಶೆಮಿಯನ್ನು ಗಲ್ಲಿಗೇರಿಸಲಾಯಿತು. 1988ರ ಬೇಸಗೆಯಲ್ಲಿ ಸೆರೆಮನೆಗಳಲ್ಲಿದ್ದ ಸಾವಿರಾರು ರಾಜಕೀಯ ಕೈದಿಗಳನ್ನು ಕೊಲ್ಲಲಾದಾಗ ಮೊಂತಜೆರಿ ಖೊಮೇನಿಯವರಿಗೆ ನೇರವಾಗಿ ಪತ್ರ ಬರೆದು ಪ್ರತಿಭಟಿಸಿದರು. ಆ ಕೊಲೆಗಳ ಹೊಣೆ ಹೊತ್ತ ಅಧಿಕಾರಿಗಳನ್ನು ಮನೆಗೆ ಕರೆಸಿ ಛೀಮಾರಿ ಹಾಕಿದ ಧ್ವನಿಮುದ್ರಿಕೆ 2016ರಲ್ಲಿ ಹೊರಬಂತು. ಕ್ರಾಂತಿಯ ಹತ್ತನೆಯ ವರ್ಷಾಚರಣೆಯ ಹೊತ್ತಿಗೆ ಅವರು ಬಹಿರಂಗವಾಗಿಯೇ ಆಡಳಿತದ ತಪ್ಪುಗಳನ್ನು ಎತ್ತಿ ಆಡತೊಡಗಿದ್ದರು. 1989ರ ಮಾರ್ಚ್ ಕೊನೆಯ ವಾರದಲ್ಲಿ ಖೊಮೇನಿಯವರು ಮೊಂತಜೆರಿಯವರನ್ನು ಪಕ್ಕಕ್ಕೆ ಸರಿಸಿದರು. ನಾಯಕ ತಪ್ಪು ಮಾಡಿದಾಗ ಹೇಳಬಲ್ಲ ಎದೆಗಾರಿಕೆ ಎಂಬ, ಶಾಸ್ತ್ರ ಬಯಸುವ ಗುಣವೇ ಆ ಪೀಠಕ್ಕೆ ಅನರ್ಹತೆಯಾದದ್ದನ್ನು ಗಮನಿಸದೆ ಮುಂದೆ ಹೋಗುವಂತಿಲ್ಲ.

ಇನ್ನು ಉಳಿದದ್ದು ಕೆಲವೇ ವಾರ. ಏಪ್ರಿಲಿನಲ್ಲಿ ಖೊಮೇನಿ ಸಂವಿಧಾನ ಪರಿಷ್ಕರಣೆಗೆ ಮಂಡಳಿಯೊಂದನ್ನು ನೇಮಿಸಿದರು. ಅದೇ ತಿಂಗಳ 29ರಂದು ತಜ್ಞರ ಸಭೆಯ ಅಧ್ಯಕ್ಷ ಅಲಿ ಮಿಶ್ಕೀನಿಯವರಿಗೆ ಪತ್ರ ಬರೆದು, ನಾಯಕ ಮರ್ಜಾ ಆಗಿರಬೇಕಾದ ಅಗತ್ಯವಿಲ್ಲ, ನ್ಯಾಯನಿಷ್ಠನಾದ ಮುಜ್ತಹಿದ್ ಆಗಿದ್ದರೆ ಸಾಕು ಎಂದು ತಿಳಿಸಿದರು. ಪರಿಷ್ಕರಣೆ ಮುಗಿಯುವ ಮುನ್ನ, ಜೂನ್ 3ರ ರಾತ್ರಿ, ಅವರು ತೀರಿಕೊಂಡರು. ಮರುದಿನ ಬೆಳಿಗ್ಗೆ ತಜ್ಞರ ಸಭೆಯಲ್ಲಿ ಅವರ ಮರಣಪತ್ರವನ್ನು ಓದಿದವರು ಅಂದಿನ ರಾಷ್ಟ್ರಾಧ್ಯಕ್ಷ ಅಲಿ ಖಾಮೆನೇಯಿ. (ಕನ್ನಡ ಪತ್ರಿಕೆಗಳು ಈ ಎರಡು ಹೆಸರುಗಳನ್ನು ಹೆಚ್ಚುಕಡಿಮೆ ಒಂದೇ ರೀತಿ ಬರೆದು ಓದುಗರನ್ನು ದಶಕಗಳ ಕಾಲ ಗೊಂದಲದಲ್ಲಿಟ್ಟಿವೆ; ಖೊಮೇನಿ ಗುರು, ಖಾಮೆನೇಯಿ ಶಿಷ್ಯ.) ಅದೇ ದಿನ ಸೇರಿದ ಸಭೆಯಲ್ಲಿ ಮೊದಲು ಚರ್ಚೆಗೆ ಬಂದದ್ದು ನಾಯಕತ್ವ ಮಂಡಳಿಯೋ ಒಬ್ಬ ನಾಯಕನೋ ಎಂಬುದು. ಮಂಡಳಿಯ ಸೂಚನೆ ಬಿದ್ದುಹೋಯಿತು. ಆಮೇಲೆ ಖಾಮೆನೇಯಿ ಅವರ ಹೆಸರು ಮುಂದೆ ಬಂತು. ಸಭೆಯನ್ನು ನಡೆಸುತ್ತಿದ್ದ ಅಕ್ಬರ್ ಹಾಶೆಮಿ ರಫ್ಸಂಜಾನಿ, ಖಾಮೆನೇಯಿ ಈ ಸ್ಥಾನಕ್ಕೆ ತಕ್ಕವರೆಂಬ ಅರ್ಥದ ಮಾತನ್ನು ಖೊಮೇನಿ ಆಡಿದ್ದರೆಂದು ತಿಳಿಸಿದರು. ಹಾಜರಿದ್ದ 74 ಮಂದಿಯಲ್ಲಿ 60 ಮಂದಿ ಎದ್ದು ನಿಂತು ಒಪ್ಪಿದರು.

ಆಗ ಐವತ್ತು ವರ್ಷದ ಖಾಮೆನೇಯಿ ವಿದ್ವತ್ ಶ್ರೇಣಿಯಲ್ಲಿ ‘ಹುಜ್ಜತುಲ್ ಇಸ್ಲಾಂ’ ಎಂಬ ನಡುಮಟ್ಟದ ಬಿರುದು ಹೊತ್ತವರು; ಮರ್ಜಾ ಆಗಿರಲಿಲ್ಲ, ಅವರನ್ನು ಯಾರೂ ಹಾಗೆ ಭಾವಿಸಿಯೂ ಇರಲಿಲ್ಲ. ಒಂದೂವರೆ ವರ್ಷದ ಹಿಂದಷ್ಟೇ, 1988ರ ಜನವರಿಯಲ್ಲಿ, ಅವರು ಶುಕ್ರವಾರದ ಪ್ರವಚನವೊಂದರಲ್ಲಿ ಇಸ್ಲಾಮಿಕ್ ಸರ್ಕಾರದ ಅಧಿಕಾರಕ್ಕೆ ಧರ್ಮಶಾಸ್ತ್ರದ ಎಲ್ಲೆಯಿದೆ ಎಂಬರ್ಥದಲ್ಲಿ ಮಾತನಾಡಿದ್ದಕ್ಕೆ ಖೊಮೇನಿ ಬಹಿರಂಗ ಪತ್ರದಲ್ಲಿ ಅವರನ್ನು ತಿದ್ದಿ, ಸರ್ಕಾರವು ಧರ್ಮದ ಪ್ರಥಮ ವಿಧಿಗಳಲ್ಲೊಂದು, ಅದು ನಮಾಜು, ಉಪವಾಸ, ಹಜ್ ಯಾತ್ರೆಗಳಿಗಿಂತಲೂ ಮೇಲು ಎಂದು ಘೋಷಿಸಿದ್ದರು. ಜೂನ್ 4ರ ಸಭೆಯ ದೃಶ್ಯಮುದ್ರಿಕೆ ಸುಮಾರು ಇಪ್ಪತ್ತೊಂಬತ್ತು ವರ್ಷ ಬೀಗದೊಳಗಿದ್ದು 2018ರ ಜನವರಿಯಲ್ಲಿ ಸೋರಿಕೆಯಾದಾಗ, ಅಭ್ಯರ್ಥಿಯೇ ಎದ್ದು ನಿಂತು ತನ್ನ ಅರ್ಹತೆಯನ್ನು ಪ್ರಶ್ನಿಸಿದ್ದನ್ನೂ, ಸಂವಿಧಾನದ ದೃಷ್ಟಿಯಿಂದಲೂ ಶಾಸ್ತ್ರದ ದೃಷ್ಟಿಯಿಂದಲೂ ಈ ಆಯ್ಕೆಗೆ ತೊಡಕಿದೆ ಎಂದು ಹೇಳಿದ್ದನ್ನೂ, ಆಯ್ಕೆ ತಾತ್ಕಾಲಿಕವೆಂಬ ಮಾತು ಒಳಗೆ ನಡೆದಿದ್ದನ್ನೂ ಜನ ಕಂಡರು. ಅಂದು ಜಾರಿಯಲ್ಲಿದ್ದ ಸಂವಿಧಾನ ಮರ್ಜಾನನ್ನೇ ಕೇಳುತ್ತಿತ್ತು. ಜುಲೈ 28ರ ಜನಮತಗಣನೆ ಆ ಷರತ್ತನ್ನು ತೆಗೆದುಹಾಕಿತು, ಆಗಸ್ಟಿನಲ್ಲಿ ತಜ್ಞರ ಸಭೆ ಮತ್ತೊಮ್ಮೆ ಮತ ಹಾಕಿ ಆಯ್ಕೆಯನ್ನು ಕ್ರಮಬದ್ಧಗೊಳಿಸಿತು. ಅಂಗಿಯ ಅಳತೆಗೆ ಆಳನ್ನು ಹುಡುಕಬೇಕಿತ್ತು. ಇಲ್ಲಿ ಆಳನ್ನು ನಿಲ್ಲಿಸಿಕೊಂಡು ಅಂಗಿ ಹೊಲಿಯಲಾಯಿತು.

ಪರಿಷ್ಕೃತ ಸಂವಿಧಾನ ಮರ್ಜಾ ಷರತ್ತನ್ನಷ್ಟೇ ಬಿಡಲಿಲ್ಲ. ಜನರ ನೇರ ಮನ್ನಣೆಯಿಂದ ನಾಯಕನಾಗುವ ಮೊದಲ ದಾರಿಯೂ, ಮೂವರು ಅಥವಾ ಐವರ ಮಂಡಳಿಯ ದಾರಿಯೂ ಮುಚ್ಚಿದವು. 109ನೆಯ ವಿಧಿಯಲ್ಲಿ ಈಗ ಉಳಿದ ಅರ್ಹತೆಗಳು ನ್ಯಾಯಶಾಸ್ತ್ರದ ವಿವಿಧ ವಿಭಾಗಗಳಲ್ಲಿ ಫತ್ವಾ ಕೊಡುವಷ್ಟು ಪಾಂಡಿತ್ಯ, ನ್ಯಾಯನಿಷ್ಠೆ ಮತ್ತು ಧರ್ಮನಿಷ್ಠೆ, ರಾಜಕೀಯ ಹಾಗೂ ಸಾಮಾಜಿಕ ತಿಳಿವಳಿಕೆ, ಧೈರ್ಯ, ಆಡಳಿತ ಸಾಮರ್ಥ್ಯ. ಪ್ರಧಾನಿ ಹುದ್ದೆ ರದ್ದಾಯಿತು. ನಾಯಕನ ಅಧಿಕಾರಗಳನ್ನು ಹೇಳುವ 110ನೆಯ ವಿಧಿ ಹಿಗ್ಗಿತು. ಪೀಠಕ್ಕೆ ಏರಲು ಬೇಕಾದ ವಿದ್ವತ್ತು ಕಡಿಮೆಯಾದ ಅದೇ ಗಳಿಗೆಯಲ್ಲಿ ಪೀಠದ ಅಧಿಕಾರ ಹೆಚ್ಚಾಯಿತು. ಧರ್ಮಪ್ರಭುತ್ವ ಎಂಬ ಪದವನ್ನು ಸಡಿಲವಾಗಿ ಬಳಸುವವರು ಈ ತಿರುವನ್ನು ಗಮನಿಸುವುದಿಲ್ಲ. ಹಿರಿಯ ವಿದ್ವಾಂಸರ ಆಳ್ವಿಕೆಯಾಗಬೇಕಿದ್ದದ್ದು ರಾಜಕಾರಣ ಬಲ್ಲ ಮೌಲವಿಗಳ ಆಳ್ವಿಕೆಯಾಯಿತು. ಅವರಿಗಿಂತ ಹಿರಿಯರಾದ ವಿದ್ವಾಂಸರು ಅವರಡಿಯಲ್ಲಿ ಪ್ರಜೆಗಳಾದರು. ಪತ್ರಿಕೆಗಳು ಖಾಮೆನೇಯಿ ಅವರನ್ನು ರಾತ್ರಿ ಬೆಳಗಾಗುವುದರೊಳಗೆ ಮೇಲಿನ ದರ್ಜೆಯ ‘ಆಯತೊಲ್ಲಾ’ ಎಂಬ ಬಿರುದಿನಿಂದ ಕರೆಯತೊಡಗಿದವು. ಹಿರಿಯ ಮರ್ಜಾಗಳಾದ ಅಲ್-ಖೂಯಿ 1992ರಲ್ಲಿ, ಗೊಲ್ಪಾಯೆಗಾನಿ 1993ರಲ್ಲಿ, ಅರಾಕಿ 1994ರಲ್ಲಿ ತೀರಿಕೊಂಡ ಬಳಿಕ ಕೋಮ್‌ನ ಅಧ್ಯಾಪಕರ ಸಂಘ ಏಳು ಮಂದಿ ಮರ್ಜಾಗಳ ಪಟ್ಟಿ ಹೊರಡಿಸಿ ಅದರಲ್ಲಿ ಖಾಮೆನೇಯಿ ಅವರ ಹೆಸರನ್ನೂ ಸೇರಿಸಿತು. ಅವರು ಇರಾನಿನ ಹೊರಗಿನ ಅನುಯಾಯಿಗಳ ಹೊಣೆಯನ್ನಷ್ಟೇ ಒಪ್ಪಿಕೊಂಡರು. ಮರ್ಜಾಗಳ ಪಟ್ಟಿ ಹೊರಡಿಸುವ ಪದ್ಧತಿಯೇ ಹೊಸತಾಗಿತ್ತು.

ಈಗ ಸಿದ್ಧಾಂತದ ತಿರುಳಿಗೆ ಬರಬಹುದು. ತಜ್ಞರ ಸಭೆ ಮಾಡುವ ಕೆಲಸಕ್ಕೆ ಏನೆಂದು ಹೆಸರಿಡಬೇಕು? ಒಂದು ಪಕ್ಷದ ಪ್ರಕಾರ ಫಕೀಹನಿಗೆ ಅಧಿಕಾರ ಬರುವುದು ಇಮಾಮನ ಮೂಲಕ ದೇವರಿಂದ. ಸಭೆ ಅದನ್ನು ಕೊಡುವುದಿಲ್ಲ, ಯೋಗ್ಯನಾದವನು ಯಾರೆಂಬುದನ್ನು ಕಂಡುಹಿಡಿದು ಜನರಿಗೆ ತಿಳಿಸುತ್ತದೆ ಅಷ್ಟೆ. ಇದನ್ನು ‘ಕಶ್ಫ್’, ಅಂದರೆ ಅನಾವರಣ ಎನ್ನುತ್ತಾರೆ. ಕೋಮ್‌ನ ಮಿಸ್ಬಾಹ್ ಯಜ್ದಿ ಇದರ ಪ್ರಬಲ ಪ್ರತಿಪಾದಕರಾಗಿದ್ದರು. ಇನ್ನೊಂದು ಪಕ್ಷದ ಪ್ರಕಾರ ಇಮಾಮ ಯಾವ ಒಬ್ಬ ಫಕೀಹನನ್ನೂ ಹೆಸರಿಟ್ಟು ನೇಮಿಸಿಲ್ಲವಾದ್ದರಿಂದ, ಅರ್ಹರಾದ ಹಲವರಲ್ಲಿ ಒಬ್ಬನಿಗೆ ಅಧಿಕಾರ ಬರುವುದು ಜನರ ಆಯ್ಕೆಯಿಂದಲೇ. ಅದು ಒಂದು ಕರಾರು, ಕರಾರಿಗೆ ಷರತ್ತು ಹಾಕಬಹುದು, ಅವಧಿಯನ್ನೂ ಹಾಕಬಹುದು. ಈ ‘ಇಂತಿಖಾಬ್’ ವಾದವನ್ನು ಅರಬ್ಬಿಯಲ್ಲಿ ನಾಲ್ಕು ಸಂಪುಟಗಳಲ್ಲಿ ಕಟ್ಟಿದವರು ಪದಚ್ಯುತರಾದ ಅದೇ ಮೊಂತಜೆರಿ. ವ್ಯತ್ಯಾಸ ಬರಿಯ ಪದಗಳದ್ದಲ್ಲ. ಆರಿಸಿದವರಿಗೆ ಇಳಿಸುವ ಹಕ್ಕಿರುತ್ತದೆ. ಕಂಡುಹಿಡಿದವರು ಹೆಚ್ಚೆಂದರೆ ತಾವು ಕಂಡದ್ದು ಇನ್ನು ಅಲ್ಲಿಲ್ಲ ಎಂದು ಹೇಳಬಹುದು. 111ನೆಯ ವಿಧಿ ನಾಯಕ ಅಸಮರ್ಥನಾದರೆ ಅಥವಾ ಅರ್ಹತೆ ಕಳೆದುಕೊಂಡರೆ ಅವನನ್ನು ತೆಗೆಯುವ ಅಧಿಕಾರವನ್ನು ಸಭೆಗೆ ಕೊಟ್ಟಿದೆ, ಆದರೆ ಮೊದಲ ಪಕ್ಷದವರು ಅದನ್ನೂ ಅನಾವರಣದ ಭಾಷೆಯಲ್ಲೇ ಓದುತ್ತಾರೆ.

ಕಂಡುಹಿಡಿಯುವ ಕಣ್ಣುಗಳನ್ನು ಯಾರು ಆರಿಸುತ್ತಾರೆ ಎಂಬುದು ಇನ್ನೂ ಮುಖ್ಯ. ತಜ್ಞರ ಸಭೆಯಲ್ಲಿ ಈಚಿನ ಅವಧಿಗಳಲ್ಲಿ 88 ಸ್ಥಾನಗಳು. ಅವಧಿ ಎಂಟು ವರ್ಷ. ಸದಸ್ಯರನ್ನು ಜನ ನೇರವಾಗಿ ಚುನಾಯಿಸುತ್ತಾರೆ. ಮೊದಲ ಚುನಾವಣೆಯಲ್ಲಿ, 1982ರ ಡಿಸೆಂಬರಿನಲ್ಲಿ, ಅಭ್ಯರ್ಥಿಯ ಪಾಂಡಿತ್ಯಕ್ಕೆ ಹೆಸರಾಂತ ಅಧ್ಯಾಪಕರ ಪ್ರಮಾಣ ಸಾಲುತ್ತಿತ್ತು. 1990ರಲ್ಲಿ ನಿಯಮ ಬದಲಾಗಿ ಆ ಪರೀಕ್ಷೆಯನ್ನು ಚುನಾವಣೆಗಳ ಮೇಲ್ವಿಚಾರಣೆ ಮಾಡುವ ರಕ್ಷಕ ಮಂಡಳಿಯ ಆರು ಮಂದಿ ಫಕೀಹರಿಗೆ ಒಪ್ಪಿಸಲಾಯಿತು. ಆ ಆರು ಮಂದಿಯನ್ನು ನೇಮಿಸುವವನು ಪರಮೋಚ್ಚ ನಾಯಕ. ಅಂದರೆ ನಾಯಕ ನೇಮಿಸಿದವರು ಒಪ್ಪಿದವರಷ್ಟೇ ಚುನಾವಣೆಗೆ ನಿಲ್ಲಬಹುದು, ಗೆದ್ದವರು ನಾಯಕನ ಮೇಲೆ ಕಣ್ಣಿಡಬೇಕು, ಅವನ ನಂತರದವನನ್ನು ಗುರುತಿಸಬೇಕು. ಒಬ್ಬ ಮಹಿಳೆಯೂ ಈ ಸಭೆಗೆ ಸ್ಪರ್ಧಿಸುವ ಅನುಮತಿ ಪಡೆದಿಲ್ಲ. 2016ರ ಚುನಾವಣೆಗೆ ಮುನ್ನ ಗಣರಾಜ್ಯದ ಸ್ಥಾಪಕನ ಮೊಮ್ಮಗ ಹಸನ್ ಖೊಮೇನಿಯೇ ಅನರ್ಹರೆನಿಸಿದರು. ಆ ಬಾರಿ ತೆಹರಾನಿನ ಮತದಾರರು ಸಿಕ್ಕ ಸಣ್ಣ ಸಂದಿನಲ್ಲೇ ತಮ್ಮ ಮನಸ್ಸನ್ನು ತೋರಿಸಿದರು: ರಫ್ಸಂಜಾನಿ ಅತಿ ಹೆಚ್ಚು ಮತ ಪಡೆದರು, ಮಿಸ್ಬಾಹ್ ಯಜ್ದಿ ಸೋತರು, ಅಂದಿನವರೆಗೆ ಸಭೆಯ ಅಧ್ಯಕ್ಷರಾಗಿದ್ದ ಮುಹಮ್ಮದ್ ಯಜ್ದಿಯೂ ಸೋತರು, ರಕ್ಷಕ ಮಂಡಳಿಯ ಮುಖ್ಯಸ್ಥ ಅಹ್ಮದ್ ಜನ್ನತಿ ನಗರದ 16 ಸ್ಥಾನಗಳಲ್ಲಿ ಹದಿನಾರನೆಯವರಾಗಿ ಹೇಗೋ ಒಳಬಂದರು. ಮೇ ತಿಂಗಳಲ್ಲಿ ಹೊಸ ಸಭೆ ಸೇರಿದಾಗ ಅದು ತನ್ನ ಅಧ್ಯಕ್ಷರನ್ನಾಗಿ ಆರಿಸಿದ್ದು ಅದೇ ಜನ್ನತಿಯವರನ್ನು. 2024ರ ಮಾರ್ಚ್ 1ರ ಚುನಾವಣೆಯ ಹೊತ್ತಿಗೆ ಸಂದೂ ಮುಚ್ಚಿತು. ಎರಡು ಅವಧಿಗೆ ರಾಷ್ಟ್ರಾಧ್ಯಕ್ಷರಾಗಿದ್ದ, ಹಿಂದಿನ ಸಭೆಗಳಲ್ಲಿ ಸದಸ್ಯರೂ ಆಗಿದ್ದ ಹಸನ್ ರೂಹಾನಿಗೆ ಸ್ಪರ್ಧಿಸಲು ಬಿಡಲಿಲ್ಲ.

ಪೀಠ ತೆರವಾದಾಗ ಮುಂದೇನು ಎಂಬುದಕ್ಕೆ 111ನೆಯ ವಿಧಿ ಕೊಡುವ ಉತ್ತರ ಸರಳ: ಹೊಸಬನನ್ನು ಗೊತ್ತುಪಡಿಸುವವರೆಗೆ ರಾಷ್ಟ್ರಾಧ್ಯಕ್ಷ, ನ್ಯಾಯಾಂಗದ ಮುಖ್ಯಸ್ಥ ಮತ್ತು ರಕ್ಷಕ ಮಂಡಳಿಯ ಒಬ್ಬ ಫಕೀಹ್ ಸೇರಿದ ಮೂವರ ಮಂಡಳಿ ಕೆಲಸ ನೋಡಿಕೊಳ್ಳಬೇಕು. ಕಾಗದದ ಮೇಲೆ ಇಷ್ಟು. ಸಂವಿಧಾನದ ಯಾವ ವಿಧಿಯಲ್ಲೂ ಉತ್ತರಾಧಿಕಾರಕ್ಕೆ ಸಂಬಂಧಿಸಿ ಕಾಣದ ಎರಡು ಶಕ್ತಿಗಳು ಖಾಮೆನೇಯಿ ಅವಧಿಯಲ್ಲಿ ಬೆಳೆದು ನಿಂತವು. ಒಂದು, ‘ಸಿಪಾಹ್’ ಎಂದು ಇರಾನಿಯರು ಕರೆಯುವ ಕ್ರಾಂತಿ ರಕ್ಷಕ ಪಡೆ, ಅಣೆಕಟ್ಟಿನಿಂದ ಹಿಡಿದು ತೈಲದವರೆಗೆ ಗುತ್ತಿಗೆಗಳನ್ನೂ ಕಂಪನಿಗಳನ್ನೂ ಕೈಯಲ್ಲಿಟ್ಟುಕೊಂಡ ಸೇನೆ. ಇನ್ನೊಂದು, ‘ಬೈತ್’ ಎಂಬ ನಾಯಕನ ಕಚೇರಿ. ‘ಬೈತ್’ ಎಂದರೆ ಮನೆ. ಮರ್ಜಾಗಳ ಕಾಲದಿಂದಲೂ ಅವರ ಮನೆಯೇ ಕಚೇರಿ, ಮಕ್ಕಳೇ ಕಾರ್ಯದರ್ಶಿಗಳು. ಒಬ್ಬ ವಿದ್ವಾಂಸನ ಕಾಗದಪತ್ರ ನೋಡಿಕೊಳ್ಳಲು ಸಾಲುತ್ತಿದ್ದ ಆ ಏರ್ಪಾಟೇ ರಾಜ್ಯದ ಗಾತ್ರಕ್ಕೆ ಊದಿಕೊಂಡಾಗ ಮಗನ ಸ್ಥಾನ ತಾನಾಗಿಯೇ ಹಿರಿದಾಗುತ್ತದೆ. ಖೊಮೇನಿಯ ಮಗ ಅಹ್ಮದ್ 1989ರಲ್ಲಿ ನಿರ್ಣಾಯಕ ಪಾತ್ರ ವಹಿಸಿದ್ದೂ, ಖಾಮೆನೇಯಿ ಅವರ ಮಗ ಮೊಜ್ತಬಾ ಅವರ ಹೆಸರು ಉತ್ತರಾಧಿಕಾರಿಗಳ ಸಾಲಿನಲ್ಲಿ ವರ್ಷಾನುಗಟ್ಟಲೆ ಕೇಳಿಬಂದದ್ದೂ ಇದೇ ಮನೆಯ ಬಾಗಿಲಿನಿಂದ. ಶಾಹ್‌ನ ವಂಶಾಡಳಿತವನ್ನು ಕಿತ್ತೊಗೆದ ಕ್ರಾಂತಿಗೆ ಇದಕ್ಕಿಂತ ಮುಜುಗರದ ಪ್ರಶ್ನೆ ಇಲ್ಲ.

ಉತ್ತರಾಧಿಕಾರಿ ಎಂದು ಹೆಸರು ಹೇಳಿಸಿಕೊಂಡವರ ಗತಿಯೂ ಒಂದು ಅಧ್ಯಯನದ ವಸ್ತು. ಹಿಂದೆ ನ್ಯಾಯಾಂಗದ ಮುಖ್ಯಸ್ಥರಾಗಿದ್ದ, ನಜಫ್‌ನಲ್ಲಿ ಹುಟ್ಟಿ ಬೆಳೆದ ಮಹಮೂದ್ ಶಾಹ್ರೂದಿ 2018ರಲ್ಲಿ ತೀರಿಕೊಂಡರು. ಸಾದಿಕ್ ಲಾರಿಜಾನಿ 2024ರಲ್ಲಿ ತಜ್ಞರ ಸಭೆಯ ಚುನಾವಣೆಯಲ್ಲೇ ಸೋತರು. ಎಲ್ಲರಿಗಿಂತ ಮುಂದಿದ್ದಾರೆಂದು ಭಾವಿಸಲಾಗಿದ್ದ ರಾಷ್ಟ್ರಾಧ್ಯಕ್ಷ ಇಬ್ರಾಹಿಂ ರೈಸಿ, 1988ರ ಕೊಲೆಗಳ ಕಾಲದಲ್ಲಿ ಮೊಂತಜೆರಿ ಛೀಮಾರಿ ಹಾಕಿದ ಅಧಿಕಾರಿಗಳಲ್ಲಿ ಒಬ್ಬರಾಗಿದ್ದವರು, 2024ರ ಮೇ 19ರಂದು ಹೆಲಿಕಾಪ್ಟರ್ ಅಪಘಾತದಲ್ಲಿ ಸತ್ತರು. ಉಮೇದುವಾರರ ಪಟ್ಟಿಯನ್ನು ಸಭೆಯ ಚಿಕ್ಕದೊಂದು ಸಮಿತಿ ಗುಟ್ಟಾಗಿ ಇಟ್ಟುಕೊಳ್ಳುತ್ತದೆ. ಉಳಿದ ಸದಸ್ಯರಿಗೂ ಅದು ಗೊತ್ತಿರುವುದಿಲ್ಲ ಎಂದು ಸಭೆಯವರೇ ಹೇಳಿದ್ದುಂಟು.

ಗುಟ್ಟಿನ ಮಾತು ಬಂದಾಗ ನೆರೆಯ ಅಫ್ಘಾನಿಸ್ತಾನವನ್ನು ನೆನೆಯಬೇಕು. ಅಲ್ಲಿ ಸುನ್ನಿ ಪಂಥದ ತಾಲಿಬಾನ್ ಸಂಘಟನೆ 1996ರಲ್ಲಿ ಕಂದಹಾರದಲ್ಲಿ ಮುಲ್ಲಾ ಉಮರನನ್ನು ‘ಅಮೀರುಲ್ ಮೂಮಿನೀನ್’, ವಿಶ್ವಾಸಿಗಳ ಒಡೆಯ, ಎಂದು ಘೋಷಿಸಿತು. ಆತ 2013ರಲ್ಲಿ ಸತ್ತದ್ದನ್ನು ಎರಡು ವರ್ಷ ಮುಚ್ಚಿಟ್ಟು ಅವನ ಹೆಸರಿನಲ್ಲೇ ಹೇಳಿಕೆಗಳನ್ನು ಹೊರಡಿಸುತ್ತ ಬಂತು. ನಂತರ ಬಂದ ಮನ್ಸೂರ್ 2016ರಲ್ಲಿ ಡ್ರೋನ್ ದಾಳಿಗೆ ಬಲಿಯಾದ, ಕೆಲವೇ ದಿನಗಳಲ್ಲಿ ಹಿಬತುಲ್ಲಾ ಅಖುಂದ್‌ಜಾದಾ ಪಟ್ಟಕ್ಕೆ ಬಂದ. ಅಲ್ಲಿ ಲಿಖಿತ ವಿಧಿಗಳ ಗೋಜಿಲ್ಲ, ಮುಲ್ಲಾಗಳ ಸಮಾಲೋಚನೆಯೂ ಬೈಅತ್ತೂ ಸಾಕು. ಇರಾನಿನ ವಿಸ್ತಾರವಾದ ಸಂವಿಧಾನಕ್ಕೂ ಕಂದಹಾರದ ಬಾಯಿಮಾತಿನ ಪದ್ಧತಿಗೂ ಹೋಲಿಕೆಯೇ ಇಲ್ಲವೆನಿಸಿದರೂ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಲವರು ಬೇಗನೆ ತೀರ್ಮಾನಿಸುವುದು ಎರಡರಲ್ಲೂ ಒಂದೇ.

ಅತ್ತ ನಜಫ್‌ನಲ್ಲಿ ಹಳೆಯ ಪದ್ಧತಿ ಹಳೆಯ ವೇಗದಲ್ಲೇ ನಡೆಯಿತು. 1992ರ ಆಗಸ್ಟಿನಲ್ಲಿ ಅಲ್-ಖೂಯಿ ತೀರಿಕೊಂಡಾಗ, ಸದ್ದಾಂ ಹುಸೇನನ ಕಾವಲಿನ ನಡುವೆ, ಅವರ ಲಕ್ಷಾಂತರ ಅನುಯಾಯಿಗಳಿಗೆ ಮುಂದಿನ ಹೆಸರನ್ನು ಯಾವ ಸಭೆಯೂ ಹೇಳಲಿಲ್ಲ. ಕೆಲವರು ನಜಫ್‌ನಲ್ಲೇ ಇದ್ದ ಹಿರಿಯ ವಿದ್ವಾಂಸ ಸಬ್ಜವಾರಿಯವರತ್ತ ತಿರುಗಿದರು, ಅವರು ಮರುವರ್ಷವೇ ತೀರಿಕೊಂಡರು. ಕೆಲವರು ಕೋಮ್‌ನ ಹಿರಿಯರತ್ತ ಹೋದರು. ಅಲ್-ಖೂಯಿಯವರ ಶಿಷ್ಯರು ಊರೂರುಗಳಿಂದ ಬಂದ ಕಾಗದಗಳಿಗೆ ತಮಗೆ ತಿಳಿದದ್ದನ್ನು ಬರೆದು ಕಳಿಸಿದರು. ಲೆಬನಾನಿನಲ್ಲಿ, ಕುವೈತಿನಲ್ಲಿ, ಭಾರತದಲ್ಲಿ ಜನ ತಮ್ಮ ತಮ್ಮ ಊರಿನ ವಿದ್ವಾಂಸರನ್ನು ಕೇಳಿ ಕಾದರು. ಆ ಶಿಷ್ಯರಲ್ಲೊಬ್ಬರಾದ ಅಲಿ ಸಿಸ್ತಾನಿಯವರ ಹೆಸರು ಎಲ್ಲೆಡೆ ನೆಲೆಗೊಳ್ಳಲು ವರ್ಷಗಳೇ ಹಿಡಿದವು. ಇರಾನಿನ 111ನೆಯ ವಿಧಿ ತಜ್ಞರ ಸಭೆಗೆ ಕೊಡುವ ಕಾಲಾವಕಾಶ ‘ಆದಷ್ಟು ಬೇಗ’ ಎಂಬುದು.